ಸೋತವರು ಕೊಡುವ ಕಿರೀಟ: ಒಂದು ಪಟ್ಟದ ಪಂದ್ಯದ ಪ್ರಕರಣ ಅಧ್ಯಯನ

ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರೋನಿಸಂ, ಸದಸ್ಯರ ಬಾಯಲ್ಲಿ ಎಸ್‌ಸಿಎ, ಹದಿನೇಳನೆಯ ಶತಮಾನಕ್ಕೆ ಹಿಂದಿನ ಯುರೋಪಿನ ಬದುಕನ್ನು ಉಡುಪು, ಅಡುಗೆ, ಕುಶಲಕಲೆ, ಕಾಳಗಗಳ ಮೂಲಕ ಮತ್ತೆ ಕಟ್ಟಿ ನೋಡುವ ಹವ್ಯಾಸಿಗಳ ಸಂಸ್ಥೆ. ತಾನೇ ಹೇಳಿಕೊಳ್ಳುವಂತೆ ಅದಕ್ಕೆ 30,000ಕ್ಕೂ ಹೆಚ್ಚು ಸದಸ್ಯರಿದ್ದಾರೆ. ಸಂಸ್ಥೆಯು ತನ್ನ ನೆಲವನ್ನು 20 ‘ರಾಜ್ಯ’ಗಳಾಗಿ ವಿಂಗಡಿಸಿಕೊಂಡಿದೆ, ಉತ್ತರ ಕ್ಯಾಲಿಫೋರ್ನಿಯಾ ವೆಸ್ಟ್ ರಾಜ್ಯದಲ್ಲಿದ್ದರೆ, ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ಸೇರಿ ಲೊಕಾಕ್ ಎನಿಸಿಕೊಂಡಿವೆ, ಯುರೋಪು ಡ್ರಾಕೆನ್‌ವಾಲ್ಡ್ ಎಂಬ ಹೆಸರಿನಲ್ಲಿದೆ. ಪ್ರತಿ ರಾಜ್ಯಕ್ಕೂ ರಾಜ, ರಾಣಿ ಇದ್ದಾರೆ. ಅವರು ವಂಶದಿಂದ ಬಂದವರಲ್ಲ, ಮತದಿಂದ ಆಯ್ಕೆಯಾದವರೂ ಅಲ್ಲ. ಬಯಲಿನಲ್ಲಿ ಹಗ್ಗ ಕಟ್ಟಿದ ಒಂದು ಕಣದಲ್ಲಿ, ಒಂದು ಹಗಲಿನೊಳಗೆ, ಎದುರಾದವರನ್ನೆಲ್ಲ ಬೆತ್ತದ ಕತ್ತಿಯಿಂದ ಸೋಲಿಸಿದವರು ಪಟ್ಟಕ್ಕೆ ಹಕ್ಕುದಾರರಾಗುತ್ತಾರೆ. ಈ ಪಂದ್ಯಕ್ಕೆ ಕ್ರೌನ್ ಟೂರ್ನಮೆಂಟ್ ಎಂದು ಹೆಸರು. ಕನ್ನಡದಲ್ಲಿ ಪಟ್ಟದ ಪಂದ್ಯ ಎನ್ನಬಹುದು. ಪಟ್ಟ ಎಂದರೆ ಮೂಲದಲ್ಲಿ ಹಣೆಗೆ ಕಟ್ಟುವ ಚಿನ್ನದ ಪಟ್ಟಿಯೇ ಆದ್ದರಿಂದ, ಕಿರೀಟವನ್ನೇ ಬಹುಮಾನವಾಗಿಟ್ಟ ಈ ಪಂದ್ಯಕ್ಕೆ ಆ ಮಾತು ಹೊಂದುತ್ತದೆ.

ಈ ಅಧ್ಯಯನ ಒಂದೇ ಸನ್ನಿವೇಶವನ್ನು ಹಿಡಿದು ನೋಡುತ್ತದೆ. ಪಟ್ಟದ ಪಂದ್ಯದ ಕೊನೆಯ ಸುತ್ತಿನಲ್ಲಿ ಒಂದು ಪೆಟ್ಟು ಬೀಳುತ್ತದೆ. ಅದು ಲೆಕ್ಕಕ್ಕೆ ಬರುವ ಪೆಟ್ಟೋ ಅಲ್ಲವೋ ಎಂಬುದರ ಮೇಲೆ ಕಿರೀಟ ನಿಂತಿದೆ. ಅದನ್ನು ತೀರ್ಮಾನಿಸುವ ಅಧಿಕಾರವಿರುವುದು ಪೆಟ್ಟು ತಿಂದವರಿಗೆ ಮಾತ್ರ. ಕೆಳಗೆ ಕೊಟ್ಟಿರುವ ಕೊನೆಯ ಸುತ್ತು ಸಂಸ್ಥೆಯ ನಿಯಮಗಳನ್ನೂ ರೂಢಿಯನ್ನೂ ಅನುಸರಿಸಿ ರಚಿಸಿದ ಮಾದರಿಯೇ ಹೊರತು ಯಾವುದೋ ಒಂದು ವರ್ಷದ, ಯಾರದೋ ಪಂದ್ಯದ ವರದಿಯಲ್ಲ. ಉಳಿದ ಸಂಗತಿಗಳು ಸಂಸ್ಥೆಯ ಇತಿಹಾಸಕ್ಕೂ ಕಟ್ಟಳೆಗಳಿಗೂ ಸೇರಿದವು.

ಹಿನ್ನೆಲೆ

1966ರ ಮೇ 1ರಂದು ಕ್ಯಾಲಿಫೋರ್ನಿಯಾದ ಬರ್ಕ್ಲಿ ನಗರದಲ್ಲಿ ಡಯಾನಾ ಪ್ಯಾಕ್ಸನ್ ಅವರ ಮನೆಯ ಹಿತ್ತಲಿನಲ್ಲಿ ಕೆಲವು ಗೆಳೆಯರು ಒಂದು ಮಧ್ಯಯುಗದ ಪಂದ್ಯವನ್ನು ಏರ್ಪಡಿಸಿಕೊಂಡರು. ಪ್ಯಾಕ್ಸನ್ ಆಗ ಮಧ್ಯಯುಗವನ್ನು ಓದುತ್ತಿದ್ದವರು, ಮುಂದೆ ಲೇಖಕಿಯಾಗಿ ಹೆಸರಾದವರು. ದಿನದ ಕೊನೆಗೆ ಎಲ್ಲರೂ ಟೆಲಿಗ್ರಾಫ್ ಅವೆನ್ಯೂ ಉದ್ದಕ್ಕೂ ಹಾಡುತ್ತ ಮೆರವಣಿಗೆ ಹೊರಟು, ಇದು ಇಪ್ಪತ್ತನೆಯ ಶತಮಾನದ ವಿರುದ್ಧ ನಮ್ಮ ಪ್ರತಿಭಟನೆ ಎಂದು ಸಾರಿದರಂತೆ. ಬೀದಿಗೊಂದು ಪ್ರತಿಭಟನೆ ನಡೆಯುತ್ತಿದ್ದ ಆ ವರ್ಷಗಳ ಬರ್ಕ್ಲಿಯಲ್ಲಿ ಇದು ಯಾರಿಗೂ ವಿಚಿತ್ರವಾಗಿ ಕಂಡಿರಲಾರದು. ಮುಂದಿನ ಪಂದ್ಯಕ್ಕೆ ಉದ್ಯಾನವನ ಕಾದಿರಿಸುವಾಗ ಸಂಘಟನೆಗೆ ಹೆಸರೊಂದು ಬೇಕಾಗಿ ಬಂದು, ಲೇಖಕಿ ಮರಿಯನ್ ಜಿಮ್ಮರ್ ಬ್ರ್ಯಾಡ್ಲಿ ಸೂಚಿಸಿದ ಹೆಸರು ಉಳಿದುಕೊಂಡಿತು. 1968ರಲ್ಲಿ ಸಂಸ್ಥೆ ಕ್ಯಾಲಿಫೋರ್ನಿಯಾದಲ್ಲಿ ಲಾಭರಹಿತ ಸಂಸ್ಥೆಯಾಗಿ ನೋಂದಣಿಯಾಯಿತು. ಸದಸ್ಯರು ಇಂದಿಗೂ ತಮ್ಮ ವರ್ಷವನ್ನು ಆ ಮೇ 1ರಿಂದಲೇ ಎಣಿಸುತ್ತಾರೆ.

ಒಳಗೆ ಕಾಲಿಡುವ ಪ್ರತಿಯೊಬ್ಬರೂ ಸಣ್ಣ ಕುಲೀನರು ಎಂಬುದು ಅಲ್ಲಿಯ ಮೊದಲ ಒಪ್ಪಂದ. ಜೀತದಾಳಾಗಿ ಯಾರೂ ಬರುವುದಿಲ್ಲ. ಆದರೆ ಡ್ಯೂಕ್ ಆಗಿಯೂ ಯಾರೂ ಬರುವಂತಿಲ್ಲ. ಹದಿನಾಲ್ಕನೆಯ ಶತಮಾನದ ಬ್ರಿಟನ್ನಿನ ಕುಶಲಕರ್ಮಿಯೆಂದೋ ವೆನಿಸಿನ ವ್ಯಾಪಾರಿಯೆಂದೋ ಒಂದು ಹೆಸರನ್ನೂ ಪೂರ್ವಕಥೆಯನ್ನೂ ಕಟ್ಟಿಕೊಳ್ಳಬಹುದು, ಆ ಹೆಸರನ್ನು ಲಾಂಛನದೊಂದಿಗೆ ಸಂಸ್ಥೆಯ ಲಾಂಛನ ಮಂಡಲಿಯಲ್ಲಿ ನೋಂದಾಯಿಸಬಹುದು. ಆ ಹೆಸರಿನಲ್ಲಿ ತಾನು ಗಳಿಸದ ದರ್ಜೆಯ ಸುಳಿವು ಇರಕೂಡದು. ಇತಿಹಾಸದ ಪ್ರಸಿದ್ಧ ವ್ಯಕ್ತಿಯೇ ನಾನು ಎಂದು ಹೇಳಿಕೊಳ್ಳಲೂ ಬಾರದು. ಅಂದರೆ ಕಥೆ ಕಟ್ಟಿ ಪಡೆಯಬಹುದಾದುದು ಹೆಸರು ಮಾತ್ರ, ಬಿರುದಲ್ಲ. ಬಿರುದು ಸಂಸ್ಥೆಯೊಳಗೇ ಗಳಿಕೆಯಾಗಬೇಕು. ಆಟದ ನಡುವೆ ಇರುವ ಗಟ್ಟಿ ನೆಲವೆಂದರೆ ಇದೇ ಎಂದು ನನಗೆ ತೋರುತ್ತದೆ. ಉಳಿದದ್ದೆಲ್ಲ ನಟನೆಯಾದರೂ ಕೌಂಟ್ ಎಂದು ಕರೆಸಿಕೊಳ್ಳುವವರು ಒಂದು ಹಗಲು ಎದುರಾಳಿಗಳನ್ನು ನಿಜವಾಗಿಯೇ ಸೋಲಿಸಿರುತ್ತಾರೆ, ಇಲ್ಲವೇ ಗೆದ್ದವರ ಜತೆ ನಿಂತು ಒಂದು ಆಳ್ವಿಕೆಯ ಹೊರೆಯನ್ನು ನಿಜವಾಗಿಯೇ ಹೊತ್ತಿರುತ್ತಾರೆ.

ಇತಿಹಾಸದ ಮಧ್ಯಯುಗ ಹೀಗಿರಲಿಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಪಂದ್ಯ ಗೆದ್ದು ಯಾರೂ ಡ್ಯೂಕ್ ಆಗಲಿಲ್ಲ. ಹನ್ನೆರಡನೆಯ ಶತಮಾನದ ಪಂದ್ಯವೆಂದರೆ ಎರಡು ಗುಂಪುಗಳು ಊರಾಚೆಯ ಹೊಲಗಳಲ್ಲಿ ಕುದುರೆಯ ಮೇಲೆ ಒಂದರ ಮೇಲೊಂದು ನುಗ್ಗುವ ಸಾಮೂಹಿಕ ಕಾಳಗ. ಸಿಕ್ಕಿಬಿದ್ದವರು ಕುದುರೆ, ಕವಚಗಳನ್ನು ಕಳೆದುಕೊಂಡು ಬಿಡುಗಡೆಯ ಹಣ ತೆರಬೇಕಿತ್ತು. ಆ ಕಾಲದ ಪಂದ್ಯವೀರರಲ್ಲೇ ಅಗ್ರಗಣ್ಯನಾದ ವಿಲಿಯಂ ಮಾರ್ಷಲ್ ತಾನು 500 ಮಂದಿ ನೈಟ್‌ಗಳನ್ನು ಸೆರೆಹಿಡಿದೆನೆಂದು ಸಾಯುವ ಮುನ್ನ ಹೇಳಿಕೊಂಡನಂತೆ. ಆದರೂ ಅವನ ಕೈಗೆ ದೊಡ್ಡ ಆಸ್ತಿ ಬಂದುದು 1189ರಲ್ಲಿ ಇಸಬೆಲ್ ಡಿ ಕ್ಲೇರ್‌ಳನ್ನು ಮದುವೆಯಾದಾಗ; ಪೆಂಬ್ರೋಕಿನ ಅರ್ಲ್ ಎಂಬ ಬಿರುದು ದೊರೆತುದು 1199ರಲ್ಲಿ, ಹೊಸ ರಾಜ ಜಾನನ ಕೈಯಿಂದ. ಕತ್ತಿ ಅವನಿಗೆ ಹಣ ತಂದಿತು, ಹೆಸರು ತಂದಿತು, ದೊರೆಗಳ ಸಂಗ ತಂದಿತು. ಬಿರುದನ್ನು ತಂದದ್ದು ಮದುವೆ ಮತ್ತು ರಾಜಾನುಗ್ರಹ. ಕಿರೀಟವನ್ನೇ ಕಾಳಗಕ್ಕಿಟ್ಟದ್ದು ಬರ್ಕ್ಲಿಯವರ ಆವಿಷ್ಕಾರ. ಅದರ ಬೇರು ಮಧ್ಯಯುಗಕ್ಕಿಂತ ಹೆಚ್ಚಾಗಿ ಹತ್ತೊಂಬತ್ತನೆಯ ಶತಮಾನದ ಕನಸಿನಲ್ಲಿದೆ ಎನ್ನಬಹುದು. 1839ರ ಆಗಸ್ಟ್‌ನಲ್ಲಿ ಸ್ಕಾಟ್ಲೆಂಡಿನ ಎಗ್ಲಿಂಟನ್ ಅರ್ಲ್ ಭಾರೀ ಖರ್ಚಿನಲ್ಲಿ ನಡೆಸಿದ ಪಂದ್ಯದಲ್ಲಿ ‘ಸೌಂದರ್ಯದ ರಾಣಿ’ಯೊಬ್ಬಳನ್ನು ಕೂರಿಸಲಾಗಿತ್ತು. ಜಡಿಮಳೆ ಸುರಿದು ಆ ಉತ್ಸವ ಕೆಸರಿನಲ್ಲಿ ಮುಗಿಯಿತೆಂಬುದು ಬೇರೆ ಮಾತು.

ಕಣದ ಕಟ್ಟಳೆಗಳು

ಆಯುಧ ಬೆತ್ತದ್ದು. ಮಲೆನಾಡಿನ ಕಾಡಿನಲ್ಲಿ ಬೆಳೆಯುವ, ನಮ್ಮ ಹಿಂದಿನ ತಲೆಮಾರಿನವರು ಮೇಷ್ಟರ ಕೈಯಲ್ಲಿ ಕಂಡು ಅಂಗೈಯಲ್ಲಿ ಉಂಡ ಆ ಬೆತ್ತದ ಜಾತಿಯದೇ. ಮರದ ಕೋಲು ಮುರಿದರೆ ಚೂಪಾದ ಸಿಬಿರು ಏಳುತ್ತದೆ, ಶಿರಸ್ತ್ರಾಣದ ಸರಳುಗಳ ನಡುವೆ ಅದು ಕಣ್ಣಿಗೆ ನುಗ್ಗಬಹುದು; ಬೆತ್ತ ಮುರಿಯುವುದಿಲ್ಲ, ಬಡಿದು ಬಡಿದು ಪೊರಕೆಯಂತೆ ನಾರಾಗುತ್ತದೆ. ಕನಿಷ್ಠ ಒಂದೂಕಾಲು ಇಂಚು, ಅಂದರೆ ಸುಮಾರು 3.2 ಸೆಂ.ಮೀ. ದಪ್ಪದ ಬೆತ್ತಕ್ಕೆ ಅಂಟುಪಟ್ಟಿ ಸುತ್ತಿ, ಕತ್ತಿಯ ಅಲಗು ಯಾವ ಕಡೆಗಿದೆ ಎಂದು ತಿಳಿಯುವಂತೆ ಬೇರೆ ಬಣ್ಣದ ಪಟ್ಟಿಯನ್ನು ಅಂಟಿಸುತ್ತಾರೆ. ಶಿರಸ್ತ್ರಾಣ 16 ಗೇಜ್ ಉಕ್ಕಿಗಿಂತ ತೆಳುವಾಗಿರಬಾರದು. ಕತ್ತು, ಮೊಣಕೈ, ಮಂಡಿ, ಕೈಬೆರಳು, ಮೂತ್ರಪಿಂಡದ ಭಾಗ, ತೊಡೆಸಂದು ಇವುಗಳಿಗೆ ಗಟ್ಟಿ ರಕ್ಷಣೆ ಕಡ್ಡಾಯ. ಮಂಡಿಯಿಂದ ಕೆಳಕ್ಕೂ ಮಣಿಕಟ್ಟಿನಿಂದ ಮುಂದಕ್ಕೂ ಹೊಡೆಯುವಂತಿಲ್ಲ. ಉಳಿದಂತೆ ಹೊಡೆತ ಪೂರ್ಣ ಬಲದ್ದು. ಹೊಡೆದಾಟದ ಕ್ರಮವನ್ನು ಮೊದಲೇ ಮಾತಾಡಿಕೊಂಡಿರುವುದಿಲ್ಲ, ಗೆಲ್ಲುವವರು ಯಾರೆಂದು ಯಾರಿಗೂ ಗೊತ್ತಿರುವುದಿಲ್ಲ. ಸಿನಿಮಾದ ಕತ್ತಿವರಸೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೋದವರಿಗೆ ಬೆತ್ತ ಉಕ್ಕಿಗೆ ಬಡಿಯುವ ಸದ್ದೇ ಮೊದಲ ಪಾಠ.

ಕೈಗೆ ಪೆಟ್ಟು ಬಿದ್ದರೆ ಆ ಕೈ ಹೋಯಿತು, ಬೆನ್ನ ಹಿಂದೆ ಮಡಚಿಟ್ಟುಕೊಳ್ಳಬೇಕು. ತೊಡೆಗೆ ಬಿದ್ದರೆ ಕಾಲು ಹೋಯಿತು, ಮಂಡಿಯೂರಿ ಹೋರಾಡಬೇಕು. ತಲೆಗೋ ಮುಂಡಕ್ಕೋ ಬಿದ್ದರೆ ಸತ್ತಂತೆ. ಆದರೆ ಎಂಥ ಪೆಟ್ಟು? ಇಲ್ಲಿ ಸಂಸ್ಥೆ ಮಾಡಿಕೊಂಡಿರುವ ಏರ್ಪಾಟು ನನಗೆ ಬಹಳ ಕುತೂಹಲದ್ದಾಗಿ ಕಂಡಿದೆ. ಕಣದಲ್ಲಿರುವವರು ವಾಸ್ತವದಲ್ಲಿ ಏನನ್ನೇ ತೊಟ್ಟಿರಲಿ, ಮೈತುಂಬ ಉಕ್ಕಿನ ತಗಡಿರಲಿ, ಬರೀ ಚರ್ಮವಿರಲಿ, ಎಲ್ಲರೂ ಒಂದೇ ಬಗೆಯ ಕವಚ ತೊಟ್ಟಿದ್ದಾರೆ ಎಂದು ನಿಯಮ ಭಾವಿಸುತ್ತದೆ: ದಪ್ಪ ಮೆತ್ತೆಯಂಗಿಯ ಮೇಲೆ ಉಕ್ಕಿನ ಬಳೆಗಳ ಜಾಲದಂಗಿ, ಕೈಕಾಲಿಗೆ ಕುದಿಸಿ ಗಟ್ಟಿಮಾಡಿದ ಚರ್ಮ, ತಲೆಗೆ ಮುಖ ತೆರೆದ, ಮೂಗಿನ ಪಟ್ಟಿಯಿರುವ ಕಬ್ಬಿಣದ ಟೋಪಿ. ನಿಜವಾದ ಕತ್ತಿ ಈ ಊಹಾ ಕವಚವನ್ನು ಭೇದಿಸಿ ಗಾಯ ಮಾಡುವಷ್ಟು ಬಲದಿಂದ, ಅಲಗಿನ ಕಡೆಯಿಂದ, ಸರಿಯಾಗಿ ತಾಗಿದ್ದರೆ ಅದು ‘ಗುಡ್’, ಇಲ್ಲವಾದರೆ ‘ಲೈಟ್’. ಹೀಗೆ ಪ್ರತಿಯೊಬ್ಬರೂ ಎರಡು ಕವಚ ತೊಟ್ಟು ಕಣಕ್ಕಿಳಿದಿರುತ್ತಾರೆ. ಒಂದು ಮೈಮೇಲೆ ಇದೆ, ಇನ್ನೊಂದು ನಿಯಮದ ಪುಟದಲ್ಲಿ. ಮೈಮೇಲಿನದು ಎಲುಬನ್ನು ಕಾಯುತ್ತದೆ, ಪುಟದಲ್ಲಿರುವುದು ಸೋಲುಗೆಲುವನ್ನು ತೀರ್ಮಾನಿಸುತ್ತದೆ.

ಆ ಎರಡನೆಯ ಕವಚ ಭೇದಿಸಲ್ಪಟ್ಟಿತೇ ಎಂದು ಹೇಳಬೇಕಾದವರು ಪೆಟ್ಟು ತಿಂದವರು. ಕಣದ ಸುತ್ತ ಮಾರ್ಷಲ್ ಎಂಬ ಮೇಲ್ವಿಚಾರಕರಿರುತ್ತಾರೆ. ಕವಚ ಸಡಿಲವಾದರೆ, ಯಾರಾದರೂ ಅಪಾಯಕರವಾಗಿ ವರ್ತಿಸಿದರೆ ‘ಹೋಲ್ಡ್’ ಎಂದು ಕೂಗಿ ನಿಲ್ಲಿಸುತ್ತಾರೆ. ಪೆಟ್ಟಿಗೆ ಅಂಕ ಹಾಕುವ ಕೆಲಸ ಅವರದಲ್ಲ. 2010ರಲ್ಲಿ ಉಕ್ರೇನಿನ ಖೋಟಿನ್ ಕೋಟೆಯಲ್ಲಿ ಆರಂಭವಾದ ‘ಬ್ಯಾಟಲ್ ಆಫ್ ದ ನೇಷನ್ಸ್’ ಎಂಬ ಉಕ್ಕಿನ ಆಯುಧಗಳ ಕೂಟದೊಂದಿಗೆ ಇದನ್ನು ಹೋಲಿಸಿದರೆ ವ್ಯತ್ಯಾಸ ತಿಳಿಯುತ್ತದೆ. ಅಲ್ಲಿ ಗುಂಪು ಕಾಳಗದಲ್ಲಿ ನೆಲಕ್ಕೆ ಬಿದ್ದವರು ಹೊರಗೆ. ತೀರ್ಪುಗಾರರು ನೋಡಿ ಎಣಿಸುತ್ತಾರೆ, ಪದಕ ಕೊಡುತ್ತಾರೆ. ಗೆದ್ದವರನ್ನು ಯಾರೂ ರಾಜರೆಂದು ಕರೆಯುವುದಿಲ್ಲ.

ಸನ್ನಿವೇಶ

ಮಾದರಿ ರಾಜ್ಯವೊಂದರಲ್ಲಿ 32 ಮಂದಿ ಕಣಕ್ಕಿಳಿದಿದ್ದಾರೆ ಎಂದಿಟ್ಟುಕೊಳ್ಳೋಣ. ಪ್ರತಿಯೊಬ್ಬರೂ ಸ್ಪರ್ಧಿಸುವ ಇಚ್ಛೆಯನ್ನು ತಿಳಿಸುವ ಪತ್ರವನ್ನು ಆಳುತ್ತಿರುವ ರಾಜ ರಾಣಿಯರಿಗೆ ಮೊದಲೇ ಕಳುಹಿಸಿದ್ದಾರೆ. ಸದಸ್ಯತ್ವ, ವಾಸಸ್ಥಳ ಇತ್ಯಾದಿ ಷರತ್ತುಗಳನ್ನು ಪೂರೈಸಿದ್ದಾರೆ. ತಾವು ಗೆದ್ದರೆ ಯಾರು ಜತೆಯಲ್ಲಿ ಪಟ್ಟವೇರುತ್ತಾರೆ ಎಂದು ಕಾನ್ಸಾರ್ಟ್ ಒಬ್ಬರ ಹೆಸರನ್ನೂ ಕೊಟ್ಟಿದ್ದಾರೆ. ಎರಡು ಬಾರಿ ಸೋತವರು ಹೊರಗೆ ಎಂಬ ಸಾಮಾನ್ಯ ಪದ್ಧತಿಯಂತೆ ಕೊನೆಗೊಬ್ಬರು ಉಳಿಯುವ ಹೊತ್ತಿಗೆ 62 ಅಥವಾ 63 ಕಾಳಗಗಳು ನಡೆದಿರಬೇಕು. ಬೆಳಿಗ್ಗೆ ಒಬ್ಬೊಬ್ಬರನ್ನೇ ಕರೆದು ಸಾರುವ ಮೆರವಣಿಗೆ, ಪ್ರತಿ ಕಾಳಗಕ್ಕೂ ಮುನ್ನ ಸಿಂಹಾಸನಕ್ಕೊಂದು, ತಾವು ಯಾರಿಗಾಗಿ ಹೋರಾಡುತ್ತಿದ್ದಾರೋ ಅವರಿಗೊಂದು, ಎದುರಾಳಿಗೊಂದು ವಂದನೆ. ಇವೆಲ್ಲ ಮುಗಿದು ಕೊನೆಯ ಜೋಡಿ ನಿಂತಾಗ ಬಿಸಿಲು ಇಳಿದಿರುತ್ತದೆ, ಬೆಳಗಿನಿಂದ ಹೊತ್ತ ಕವಚ ಹೆಗಲನ್ನು ಜಗ್ಗುತ್ತಿರುತ್ತದೆ.

ಈ ಇಬ್ಬರನ್ನು ಕೆಂಪು ಗುರಾಣಿ, ನೀಲಿ ಗುರಾಣಿ ಎಂದು ಕರೆಯೋಣ. ಮೂರರಲ್ಲಿ ಎರಡು ಗೆದ್ದವರಿಗೆ ಪಟ್ಟ. ಇಬ್ಬರೂ ಒಂದೊಂದು ಗೆದ್ದಿದ್ದಾರೆ. ಮೂರನೆಯದರಲ್ಲಿ ಕೆಂಪು ಗುರಾಣಿಯವರ ಕತ್ತಿ ಎದುರಾಳಿಯ ತೊಡೆಗೆ ಬೀಳುತ್ತದೆ. ನೀಲಿ ಗುರಾಣಿಯವರು ‘ಗುಡ್’ ಎಂದು ಹೇಳಿ ಮಂಡಿಯೂರುತ್ತಾರೆ. ಈಗ ನಿಂತವರಿಗೆ ಅನುಕೂಲವಿದೆ. ಕೈಗೆ ನಿಲುಕದ ದೂರದಲ್ಲಿ ಸುತ್ತಿ ಸುತ್ತಿ, ಮಂಡಿಯೂರಿದವರು ದಣಿದು ತಿರುಗಲಾರದಾದಾಗ ಮುಗಿಸಬಹುದು. ಅದು ನಿಯಮಕ್ಕೆ ವಿರುದ್ಧವಲ್ಲ. ಆದರೆ ನೋಡುವವರ ಮನಸ್ಸಿಗೆ ಅದು ಹಿಡಿಸುವುದಿಲ್ಲ. ಕೆಲವರು ತಾವೂ ಮಂಡಿಯೂರಿ ಸಮನಾಗುತ್ತಾರೆ, ಹಾಗೆಯೇ ಎದುರಾಳಿಯ ಕೈ ಹೋದಾಗ ತಮ್ಮ ಗುರಾಣಿಯನ್ನು ಕೆಳಗಿಡುತ್ತಾರೆ. ಗಳಿಸಿದ ಅನುಕೂಲವನ್ನು ಬಿಟ್ಟುಕೊಡುವುದು ಉದಾರತೆಯೋ, ಎದುರಾಳಿಯನ್ನು ಕಡಿಮೆ ಅಂದಾಜು ಮಾಡುವ ಅವಮಾನವೋ ಎಂಬ ವಾದ ಇಂದಿಗೂ ಮುಗಿದಿಲ್ಲ. ಕಾಲು ಕಳೆದುಕೊಂಡವರೇ ‘ದಯವಿಟ್ಟು ನಿಂತೇ ಹೋರಾಡಿ’ ಎಂದು ಕೇಳಿಕೊಳ್ಳುವುದೂ ಉಂಟು.

ಕೆಂಪು ಗುರಾಣಿಯವರು ನಿಂತೇ ಇರುತ್ತಾರೆ, ಆದರೆ ಸುತ್ತುವುದಿಲ್ಲ. ನಿಲುಕುವ ದೂರಕ್ಕೆ ನೇರವಾಗಿ ಬರುತ್ತಾರೆ. ಎರಡು ಮೂರು ಹೊಡೆತಗಳ ವಿನಿಮಯವಾಗುತ್ತದೆ. ಅವರ ಗುರಾಣಿ ತುಸು ಕೆಳಗಿಳಿದ ಕ್ಷಣದಲ್ಲಿ ನೀಲಿಯವರ ಕತ್ತಿ ಗುರಾಣಿಯ ಅಂಚನ್ನು ಸವರಿಕೊಂಡು ಹಾದು ಕೆಂಪಿನವರ ಶಿರಸ್ತ್ರಾಣದ ಪಕ್ಕಕ್ಕೆ ಬಡಿಯುತ್ತದೆ.

ಸದ್ದು ದೊಡ್ಡದಾಗಿಯೇ ಆಗುತ್ತದೆ. ಆದರೆ ಸದ್ದು ಸಾಕ್ಷಿಯಲ್ಲ. ಅಗಲವಾದ ಉಕ್ಕಿಗೆ ಕತ್ತಿಯ ಮಗ್ಗುಲು ತಾಗಿದರೂ ಘಂಟೆಯಂತೆ ಮೊಳಗುತ್ತದೆ. ಗುರಾಣಿಯ ಅಂಚಿಗೆ ತಾಗಿದ್ದರಿಂದ ಹೊಡೆತದ ಬಲ ಎಷ್ಟು ಕುಂದಿತು? ತಾಗಿದ್ದು ಅಲಗೋ ಮಗ್ಗುಲೋ? ಪ್ರೇಕ್ಷಕರು ಸದ್ದು ಕೇಳಿದ್ದಾರೆ, ಮಾರ್ಷಲ್ ಒಂದು ಕೋನದಿಂದ ನೋಡಿದ್ದಾರೆ, ಸಿಂಹಾಸನದಲ್ಲಿರುವವರು ಇನ್ನೊಂದು ಕೋನದಿಂದ. ಹೊಡೆದವರಿಗೆ ತಮ್ಮ ಕೈಯಲ್ಲಿ ಬೆತ್ತ ಹೇಗೆ ನಿಂತಿತು ಎಂಬುದು ಗೊತ್ತು. ಒಳಗೆ ತಲೆಯಿಟ್ಟಿದ್ದವರು ಒಬ್ಬರೇ. ಕೆಂಪು ಗುರಾಣಿಯವರು ಒಂದು ಉಸಿರಿನಷ್ಟು ಹೊತ್ತು ನಿಂತು, ‘ಗುಡ್’ ಎಂದು ಹೇಳಿ, ಸತ್ತವರಂತೆ ನೆಲಕ್ಕೊರಗುತ್ತಾರೆ. ಮಂಡಿಯೂರಿದವರು ಯುವರಾಜರಾಗುತ್ತಾರೆ.

‘ಲೈಟ್’ ಎಂದಿದ್ದರೆ?

ಪ್ರಕರಣದ ತಿರುಳು ಇಲ್ಲಿದೆ. ಕೆಂಪು ಗುರಾಣಿಯವರು ತಲೆಯಲ್ಲಾಡಿಸಿ ‘ಲೈಟ್’ ಎಂದಿದ್ದರೆ ಕಾಳಗ ಮುಂದುವರಿಯುತ್ತಿತ್ತು. ಮಾರ್ಷಲ್ ಬಹುಶಃ ನಿಲ್ಲಿಸಿ, ಕವಚ ಸರಿಯಿದೆಯೇ, ಪೆಟ್ಟು ಸರಿಯಾಗಿ ಅನುಭವಕ್ಕೆ ಬರುತ್ತಿದೆಯೇ ಎಂದು ಮೆಲ್ಲಗೆ ವಿಚಾರಿಸುತ್ತಿದ್ದರು. ಅಷ್ಟರಲ್ಲಿಯೇ ಎಲ್ಲರಿಗೂ ಅರ್ಥವಾಗುತ್ತಿತ್ತು. ಮಂಡಿಯೂರಿದ ಎದುರಾಳಿಯನ್ನು ಇನ್ನೆರಡು ಹೊಡೆತಗಳಲ್ಲಿ ಮುಗಿಸಿ ಅವರು ಕಿರೀಟ ತೊಡಬಹುದಿತ್ತು, ಅದನ್ನು ಯಾರೂ ಕಸಿಯಲಾಗುತ್ತಿರಲಿಲ್ಲ.

ಹಾಗಿದ್ದರೆ ಕಿರೀಟಕ್ಕಾಗಿ ಎಲ್ಲರೂ ಪೆಟ್ಟುಗಳನ್ನು ನುಂಗಿಹಾಕುವುದಿಲ್ಲವೇಕೆ? ನುಂಗುವವರು ಇದ್ದಾರೆ. ಅಂಥವರಿಗೆ ಅಲ್ಲಿ ‘ರೈನೋ’ ಎಂಬ ಅಡ್ಡಹೆಸರಿದೆ, ಘೇಂಡಾಮೃಗದ ತೊಗಲಿನವರು ಎಂಬರ್ಥದಲ್ಲಿ. ನಮ್ಮಲ್ಲಾದರೆ ಎಮ್ಮೆ ಚರ್ಮದವರು ಎನ್ನುತ್ತಿದ್ದರು. ಉತ್ತರದ ಒಂದು ಭಾಗ ಆ ಅಡ್ಡಹೆಸರಿನಲ್ಲೇ ಇದೆ. ಕಣದಲ್ಲಿರುವವರು ಅಪರಿಚಿತರಲ್ಲ. ವಾರವಾರವೂ ಅಭ್ಯಾಸದಲ್ಲಿ ಒಬ್ಬರನ್ನೊಬ್ಬರು ಹೊಡೆದವರು, ಒಂದೇ ಡೇರೆಯಲ್ಲಿ ಮಲಗಿದವರು, ಪಂದ್ಯಕ್ಕೆ ಒಂದೇ ಕಾರಿನಲ್ಲಿ ಬಂದವರು. ಯಾರ ಹೊಡೆತ ಎಷ್ಟು ಭಾರ, ಯಾರು ಎಷ್ಟಕ್ಕೆ ಬೀಳುತ್ತಾರೆ ಎಂಬ ಲೆಕ್ಕ ಎಲ್ಲರ ಮೈಯಲ್ಲೂ ಇರುತ್ತದೆ. ಒಂದು ಸಲದ ಗೆಲುವಿಗಾಗಿ ಹತ್ತು ವರ್ಷದ ಹೆಸರನ್ನು ಅಡವಿಡುವ ಧೈರ್ಯ ಸುಲಭದ್ದಲ್ಲ.

ಆದರೆ ಇದನ್ನು ಬರೀ ಸಜ್ಜನಿಕೆಯ ಕಥೆಯಾಗಿ ಓದುವುದು ಸರಿಯಲ್ಲ. ಸಂಶಯದ ಪೆಟ್ಟುಗಳು ಬಹಳ ಇರುತ್ತವೆ. ದಣಿವು, ಮೆತ್ತೆಯ ದಪ್ಪ, ಮೈಯಲ್ಲಿ ಹರಿಯುವ ಉದ್ವೇಗ ಇವೆಲ್ಲ ಸೇರಿ ಪ್ರಾಮಾಣಿಕರಿಗೂ ಪೆಟ್ಟಿನ ತೂಕ ತಿಳಿಯದ ಹಾಗೆ ಮಾಡುತ್ತವೆ. ಒಂದು ರಾಜ್ಯದಲ್ಲಿ ‘ಗುಡ್’ ಎನಿಸುವ ಪೆಟ್ಟು ಇನ್ನೊಂದರಲ್ಲಿ ‘ಲೈಟ್’ ಎನಿಸಬಹುದು. ಆ ಘರ್ಷಣೆ ಎದ್ದು ಕಾಣುವ ಜಾಗ 1972ರಲ್ಲಿ ಶುರುವಾಗಿ, ಈಗ ಪೆನ್ಸಿಲ್ವೇನಿಯಾದ ಸ್ಲಿಪ್ಪರಿ ರಾಕ್ ಬಳಿ ನಡೆಯುವ ಪೆನ್ಸಿಕ್ ಯುದ್ಧ. ಎರಡು ವಾರ ನಡೆಯುವ ಆ ಕೂಟದಲ್ಲಿ ಹತ್ತು ಸಾವಿರದಷ್ಟು ಜನ ಸೇರುತ್ತಾರೆ, ಪರಸ್ಪರ ಪರಿಚಯವಿಲ್ಲದವರು ಸಾಲುಗಟ್ಟಿ ಎದುರಾಗುತ್ತಾರೆ. ಆ ಯುದ್ಧದ ಹುಟ್ಟಿಗೆ ಕಾರಣರೆನಿಸಿದವರು ಕ್ಯಾರಿಯಡಾಕ್ ಎಂಬ ಹೆಸರಿನಲ್ಲಿ ಆಡುತ್ತಿದ್ದ ಅರ್ಥಶಾಸ್ತ್ರಜ್ಞ ಡೇವಿಡ್ ಫ್ರೀಡ್‌ಮನ್. ಮಿಡಲ್ ರಾಜ್ಯದ ರಾಜರಾಗಿ ಅವರು ಈಸ್ಟ್ ರಾಜ್ಯದ ಮೇಲೆ ಯುದ್ಧ ಸಾರಿದರು, ಆಮೇಲೆ ಈಸ್ಟ್‌ಗೆ ಮನೆ ಬದಲಾಯಿಸಿ ಅಲ್ಲಿಯೂ ಪಟ್ಟ ಗೆದ್ದರು, ಹೀಗೆ ತಮ್ಮ ಮೇಲೆ ತಾವೇ ಯುದ್ಧ ಸಾರಿ ಸೋತ ಏಕೈಕ ರಾಜರಾದರು ಎಂದು ಸದಸ್ಯರು ನಗುತ್ತ ಹೇಳಿಕೊಳ್ಳುತ್ತಾರೆ.

ಗೆದ್ದವರಿಗೆ ಕೊಟ್ಟದ್ದು, ಕೊಡದೆ ಇಟ್ಟುಕೊಂಡದ್ದು

ನೀಲಿ ಗುರಾಣಿಯವರು ಅಂದೇ ರಾಜರಾಗುವುದಿಲ್ಲ. ಅವರೂ ಅವರ ಕಾನ್ಸಾರ್ಟ್ ಆಗಿರುವವರೂ ಕೆಲವು ವಾರ ಅಥವಾ ತಿಂಗಳು ಯುವರಾಜ, ಯುವರಾಣಿಯಾಗಿದ್ದು, ಬಳಿಕ ಪಟ್ಟಾಭಿಷೇಕದ ದಿನ ಸಿಂಹಾಸನವೇರುತ್ತಾರೆ. ಹೆಚ್ಚಿನ ರಾಜ್ಯಗಳಲ್ಲಿ ಆಳ್ವಿಕೆ ಆರು ತಿಂಗಳು. ವೆಸ್ಟ್‌ನಲ್ಲಿ ವರ್ಷಕ್ಕೆ ಮೂರು ಆಳ್ವಿಕೆಗಳು. ಅವಧಿ ಪೂರೈಸಿ ಇಳಿದಾಗ ಕೌಂಟ್, ಕೌಂಟೆಸ್ ಎಂಬ ಬಿರುದು ಶಾಶ್ವತವಾಗಿ ಉಳಿಯುತ್ತದೆ. ತಾವು ಆರಿಸಿಕೊಂಡ ಸಂಸ್ಕೃತಿಗೆ ತಕ್ಕಂತೆ ಅರ್ಲ್ ಎಂದೋ ಯಾರ್ಲ್ ಎಂದೋ ಕರೆಸಿಕೊಳ್ಳಬಹುದು. ಎರಡನೆಯ ಆಳ್ವಿಕೆ ಮುಗಿದರೆ ಡ್ಯೂಕ್, ಡಚೆಸ್. ಮೂರನೆಯದಕ್ಕೂ ನಾಲ್ಕನೆಯದಕ್ಕೂ ಅದಕ್ಕಿಂತ ಮೇಲೆ ಏನೂ ಇಲ್ಲ. ರಾಜ್ಯಕ್ಕಿಂತ ಸಣ್ಣದಾದ ಪ್ರಿನ್ಸಿಪಾಲಿಟಿಯ ಪಂದ್ಯ ಗೆದ್ದು ಆಳಿದವರು ವೈಕೌಂಟ್ ಆಗುತ್ತಾರೆ. ಗಮನಿಸಬೇಕಾದ ಸಂಗತಿಯೆಂದರೆ, ಬಿರುದು ಸಿಗುವುದು ಗೆಲುವಿನ ದಿನವಲ್ಲ, ಇಳಿಯುವ ದಿನ. ಕಾಳಗ ತೆರೆಯುವುದು ಬಾಗಿಲನ್ನಷ್ಟೇ. ವಾರಾಂತ್ಯಗಳಲ್ಲಿ ನೂರಾರು ಮೈಲಿ ಸುತ್ತಿ, ಸಭೆ ನಡೆಸಿ, ಅಡುಗೆಯವರಿಗೂ ಹೊಲಿಗೆಯವರಿಗೂ ಬಿಲ್ಲುಗಾರರಿಗೂ ಸನ್ಮಾನ ಮಾಡಿ, ಸಂಬಳವಿಲ್ಲದ ಆ ದುಡಿಮೆಯನ್ನು ಪೂರೈಸಿದ ಮೇಲೆ ಬಿರುದು.

ಇಷ್ಟೆಲ್ಲ ಕೊಟ್ಟ ಸಂಸ್ಥೆ ಒಂದನ್ನು ಮಾತ್ರ ಕಾಳಗದ ಗೆಲುವಿಗೆ ಕೊಡಲಿಲ್ಲ. ಅದು ನೈಟ್ ಪದವಿ. ಬಿಳಿಯ ಸೊಂಟಪಟ್ಟಿ, ಕೊರಳಿನ ಸರಪಣಿ, ಹಿಮ್ಮಡಿಯ ಮುಳ್ಳು ಇವು ನೈಟ್‌ಗಳ ಗುರುತುಗಳು. ಸಿಂಹಾಸನಕ್ಕೆ ನಿಷ್ಠೆಯ ಪ್ರಮಾಣ ಮಾಡಲೊಪ್ಪದವರಿಗೆ ಅದೇ ದರ್ಜೆಯ ಮಾಸ್ಟರ್ ಆಫ್ ಆರ್ಮ್ಸ್ ಎಂಬ ಪದವಿಯೂ ಹೆಗಲಿಂದ ಇಳಿಬಿಡುವ ಬಿಳಿಯ ಪಟ್ಟಿಯೂ ಇವೆ. ಎಷ್ಟು ಪಂದ್ಯ ಗೆದ್ದರೂ ಇವು ತಾವಾಗಿ ಬರುವುದಿಲ್ಲ. ಈಗಾಗಲೇ ಆ ಪದವಿಯಲ್ಲಿರುವವರೊಂದಿಗೆ ಸಮಾಲೋಚಿಸಿದ ಮೇಲಷ್ಟೇ ರಾಜ ರಾಣಿಯರು ಅದನ್ನು ಕೊಡಬಹುದು. ಆ ಸಭೆಗಳಲ್ಲಿ ಕೈಚಳಕದ ಜತೆಗೆ ಇನ್ನೊಂದು ಪ್ರಶ್ನೆ ಬಂದೇ ಬರುತ್ತದೆ: ಅವರು ಪೆಟ್ಟನ್ನು ಒಪ್ಪಿಕೊಳ್ಳುವುದು ಹೇಗೆ? ಕೆಂಪು ಗುರಾಣಿಯವರ ಆ ಒಂದು ಉಸಿರಿನ ಮೌನವೂ, ಅದರ ನಂತರದ ಒಂದು ಮಾತೂ ಅಲ್ಲಿ ನೆನಪಾಗುತ್ತವೆ. ನೈಟ್ ಆಗದವರು ಕಿರೀಟ ಗೆದ್ದು ರಾಜರಾಗಬಹುದು. ರಾಜರಾದ ಕಾರಣಕ್ಕೆ ನೈಟ್ ಆಗಲಾರರು. ತೋಳ್ಬಲಕ್ಕೆ ಸಿಂಹಾಸನವನ್ನು ಕೆಲವು ತಿಂಗಳ ಮಟ್ಟಿಗೆ ಬಿಟ್ಟುಕೊಟ್ಟು, ಜೀವಮಾನದ ಗೌರವವೊಂದನ್ನು ಸಮಾನರ ಅಭಿಪ್ರಾಯದ ಕೈಯಲ್ಲಿ ಇಟ್ಟಿರುವ ಈ ವಿಂಗಡಣೆಯೇ ‘ಪೆಟ್ಟು ತಿಂದವರೇ ತೀರ್ಪುಗಾರರು’ ಎಂಬ ನಿಯಮವನ್ನು ಬದುಕಿಸಿದೆ ಎಂಬುದು ನನ್ನ ಅಭಿಪ್ರಾಯ. ಎರಡನ್ನೂ ಒಂದೇ ಪಂದ್ಯಕ್ಕೆ ಕಟ್ಟಿದ್ದರೆ ಸುಳ್ಳು ಹೇಳಿದವರಿಗೆ ಕಳೆದುಕೊಳ್ಳಲು ಏನೂ ಉಳಿಯುತ್ತಿರಲಿಲ್ಲ.

ರಾಜರ ಅಧಿಕಾರವೂ ಕಾಣುವಷ್ಟು ದೊಡ್ಡದಲ್ಲ. ಸನ್ಮಾನ ಕೊಡಬಹುದು, ರಾಜ್ಯದ ಕಟ್ಟಳೆ ಮಾಡಬಹುದು. ಆದರೆ ಕಟ್ಟಳೆ ಸಂಸ್ಥೆಯ ಮೂಲ ನಿಯಮಾವಳಿಗೆ ಅಧೀನ, ಹಣಕಾಸು ಹಾಗೂ ಆಡಳಿತ ಸೆನೆಶಾಲ್ ಮೊದಲಾದ ಅಧಿಕಾರಿಗಳ ಕೈಯಲ್ಲಿ, ಎಲ್ಲದರ ಮೇಲೆ ನಿರ್ದೇಶಕ ಮಂಡಲಿ. ಕತ್ತಿ ಬೀಸಲು ಬಲ್ಲವರು ಲೆಕ್ಕಪುಸ್ತಕ ನೋಡಲು ಬಲ್ಲರೆಂದು ಯಾರೂ ನಂಬಿಲ್ಲ.

ಬಗೆಹರಿಯದ ಪ್ರಶ್ನೆಗಳು

ಕಾನ್ಸಾರ್ಟ್ ಎಂಬ ಏರ್ಪಾಟು ಈ ಪಂದ್ಯದ ಅತ್ಯಂತ ಸುಂದರವಾದ ಭಾಗವೂ ಹೌದು, ಅತ್ಯಂತ ವಿವಾದದ ಭಾಗವೂ ಹೌದು. ಪಟ್ಟವನ್ನು ಯಾರೂ ತಮಗಾಗಿ ಗೆಲ್ಲುವುದಿಲ್ಲ, ಇನ್ನೊಬ್ಬರಿಗಾಗಿ ಗೆಲ್ಲುತ್ತಾರೆ ಎಂಬ ಭಾವನೆ ಅದರ ಹಿಂದಿದೆ. ಜತೆಯಲ್ಲಿ ಆಳಿದವರಿಗೆ ಗುಲಾಬಿಯ ಹೆಸರಿನ ಪ್ರತ್ಯೇಕ ಪದವಿಯೂ ಇದೆ. ಕಣದಲ್ಲಿ ಗಂಡು ಹೆಣ್ಣೆಂಬ ಪ್ರತ್ಯೇಕ ಸುತ್ತುಗಳಿಲ್ಲ, ಹೆಂಗಸರು ಹೋರಾಡಿ ಕಿರೀಟ ಗೆದ್ದದ್ದೂ ಇದೆ. ಆದರೂ ಹೋರಾಡುವವರು ಮತ್ತು ಕಾನ್ಸಾರ್ಟ್ ವಿರುದ್ಧ ಲಿಂಗದವರೇ ಆಗಿರಬೇಕೆಂಬ ಷರತ್ತು ಬಹುಕಾಲ ಉಳಿದಿತ್ತು. ಮಧ್ಯಯುಗ ಹಾಗೆಯೇ ಇತ್ತಲ್ಲ ಎಂಬುದು ಒಂದು ಪಕ್ಷದ ವಾದ. ಮಧ್ಯಯುಗದಲ್ಲಿ ಬೆತ್ತದ ಕತ್ತಿಯಿಂದ ಹೊಡೆದಾಡಿ ರಾಜರಾದವರು ಯಾರೂ ಇರಲಿಲ್ಲ, ಹೆಂಗಸರು ಪಟ್ಟದ ಕಣದಲ್ಲಿರಲಿಲ್ಲ, ಅವೆಲ್ಲ ಒಪ್ಪಿಗೆಯಾದ ಮೇಲೆ ಇದೊಂದಕ್ಕೇಕೆ ಇತಿಹಾಸದ ನೆಪ ಎಂಬುದು ಇನ್ನೊಂದು ಪಕ್ಷದ್ದು. ಎರಡನೆಯ ವಾದ ನನಗೆ ಹೆಚ್ಚು ಬಲವಾಗಿ ಕಂಡಿದೆ. ಕೊನೆಗೆ ಆ ಷರತ್ತು ಬಿದ್ದುಹೋಯಿತು.

ಇನ್ನೊಂದು ಪ್ರಶ್ನೆ ಆಯುಧದ್ದು. ತೆಳು ಉಕ್ಕಿನ ಕತ್ತಿಯಿಂದ ಆಡುವ ರೇಪಿಯರ್ ಕಾಳಗ ಸಂಸ್ಥೆಯಲ್ಲಿ ದೊಡ್ಡದಾಗಿ ಬೆಳೆದಿದೆ. ಅದರಲ್ಲಿ ಪರಿಣತರಾದವರಿಗೆ 2015ರಲ್ಲಿ ನೈಟ್‌ಗಳಿಗೆ ಸಮನಾದ ಪದವಿಯೊಂದು ಸ್ಥಾಪನೆಯಾಯಿತು. ಅಡುಗೆ, ನೇಯ್ಗೆ, ಲೋಹಗೆಲಸ ಮೊದಲಾದ ಕಲೆಗಳಿಗೆ ಲಾರೆಲ್, ಸೇವೆಗೆ ಪೆಲಿಕನ್ ಎಂಬ ಸಮಾನ ಪದವಿಗಳು ಅದಕ್ಕಿಂತ ಬಹಳ ಹಿಂದಿನಿಂದಲೂ ಇವೆ. ಹೀಗೆ ಗೌರವದ ದಾರಿಗಳು ಹಲವಾಗಿವೆ. ಕಿರೀಟದ ದಾರಿ ಮಾತ್ರ ಬೆತ್ತದ ಕಣದೊಳಗಿಂದಲೇ ಹಾಯುತ್ತದೆ. ಎಪ್ಪತ್ತು ದಾಟಿದ, ಐವತ್ತು ವರ್ಷ ಅಡುಗೆಮನೆ ನಿಭಾಯಿಸಿದ ಹಿರಿಯರೊಬ್ಬರು ಯಾರ ಪರವಾಗಿಯಾದರೂ ಕಾನ್ಸಾರ್ಟ್ ಆಗದ ಹೊರತು ಎಂದೂ ಸಿಂಹಾಸನದ ಮೇಲೆ ಕೂರಲಾರರು. ಇದು ನ್ಯಾಯವೇ ಎಂದು ಕೇಳಿದರೆ ಅಲ್ಲ ಎನ್ನಬೇಕಾಗುತ್ತದೆ. ಬದಲಾಯಿಸಿ ಮತದಾನ ಇಡೋಣವೇ ಎಂದರೆ ಉತ್ಸಾಹದಿಂದ ಹೌದೆನ್ನುವವರು ಕಡಿಮೆ ಇರಬಹುದು; ಮತ ಹಾಕಿ ಆರಿಸಿದ ಅಧ್ಯಕ್ಷರು ಎಲ್ಲ ಸಂಘಗಳಿಗೂ ಇದ್ದಾರೆ.

ಪಟ್ಟಾಭಿಷೇಕದ ದಿನ ಹಳೆಯ ರಾಜರು ಕಿರೀಟವನ್ನು ಕೆಳಗಿಳಿಸುತ್ತಾರೆ. ಸ್ವಲ್ಪ ಹೊತ್ತಿನ ಬಳಿಕ ಅವರನ್ನು ಮತ್ತೆ ಕರೆದು, ಹೊಸದಾಗಿ ಸಿಂಹಾಸನವೇರಿದವರು ಕೌಂಟ್ ಎಂಬ ಬಿರುದಿನೊಂದಿಗೆ ಕಿರೀಟಕ್ಕಿಂತ ಸಣ್ಣದೊಂದು ತಲೆಪಟ್ಟಿಯನ್ನು ಕೊಡುತ್ತಾರೆ. ಮತ್ತೊಮ್ಮೆ ಪಟ್ಟ ಬೇಕೆನಿಸಿದರೆ ಅವರೂ ಉಳಿದವರಂತೆ ಇಚ್ಛಾಪತ್ರ ಬರೆದು, ಕವಚದ ತಪಾಸಣೆಗೆ ಸಾಲಿನಲ್ಲಿ ನಿಂತು, ತಲೆಪಟ್ಟಿಯನ್ನು ತೆಗೆದಿಟ್ಟು ಶಿರಸ್ತ್ರಾಣ ತೊಟ್ಟು, ಮೊದಲ ಸುತ್ತಿನಲ್ಲಿ ಯಾರು ಎದುರಾಗುತ್ತಾರೆಂದು ಕಾಯಬೇಕು. ಎದುರಿಗೆ ಬರುವವರು ಕೆಂಪು ಗುರಾಣಿಯವರೇ ಆಗಿರಬಹುದು.